ಡಿಬಿಎಸ್‌ಗೆ ಹೊರಡುವ ಮುಂಚೆ: ಪಾರ್ಕಿನ್ಸನ್ ಇರುವ ಕೊಡಗಿನ ಮನೆಗಳಿಗೆ

ಬೆಳಿಗ್ಗೆ ಏಳು ಗಂಟೆಗೆ ಅಮ್ಮನಿಗೆ ಅಕ್ಕಿ ರೊಟ್ಟಿ ತಟ್ಟಲು ಆಗುತ್ತಿರಲಿಲ್ಲ. ಎಂಟೂವರೆಗೆ ಆಗುತ್ತಿತ್ತು. ಅದೇ ಕೈ, ಅದೇ ಹಿಟ್ಟು, ಅದೇ ಒಲೆ. ನಡುವೆ ಒಂದು ಮಾತ್ರೆ, ಅಷ್ಟೇ. ಹತ್ತೂವರೆ ಆಗುವಷ್ಟರಲ್ಲಿ ಮತ್ತೆ ಬಲಗೈ ಗಟ್ಟಿಯಾಗಿ, ಬೆರಳುಗಳು ಹಿಟ್ಟಿನ ಮೇಲೆ ಇದ್ದಲ್ಲೇ ನಿಂತುಬಿಡುತ್ತಿದ್ದವು.

ಈ ವ್ಯತ್ಯಾಸವನ್ನು ನಿಮ್ಮ ಮನೆಯಲ್ಲಿ ಗುರುತಿಸಿದ್ದೀರಾ? ಗುರುತಿಸಿದ್ದರೆ ಮುಂದೆ ಓದಿ. ಇಲ್ಲದಿದ್ದರೆ ಮೊದಲು ಒಂದು ವಾರ ಸುಮ್ನೆ ಪಕ್ಕದಲ್ಲಿ ಕೂತು ಗಮನಿಸಿ, ಆಮೇಲೆ ಓದಿ. ಮಿದುಳಿಗೆ ತಂತಿ ಇಳಿಸಿ ಕರೆಂಟ್ ಕೊಡುವ ಡಿಬಿಎಸ್ ಅನ್ನುವ ಆಪರೇಷನ್ನಿನ ಅರ್ಧ ಗುಟ್ಟು ಇದರಲ್ಲೇ ಇದೆ. ಮಾತ್ರೆ ಚೆನ್ನಾಗಿ ಹಿಡಿದ ಹೊತ್ತಿನಲ್ಲಿ ನಿಮ್ಮವರು ಹೇಗಿರುತ್ತಾರೋ, ಆಪರೇಷನ್ ಆದಮೇಲೆ ದಿನದ ಹೆಚ್ಚು ಹೊತ್ತು ಹಾಗಿರುತ್ತಾರೆ. ಅದಕ್ಕಿಂತ ಚೆನ್ನಾಗಿ ಆಗುವುದು ಕಡಿಮೆ. ನಡುಕ ಮಾತ್ರ ಇದಕ್ಕೆ ಹೊರತು: ಮಾತ್ರೆಗೆ ಜಗ್ಗದ ನಡುಕವೂ ಕರೆಂಟಿಗೆ ಜಗ್ಗಬಹುದು.

ನಾನು ಡಾಕ್ಟರಲ್ಲ. ಸೋಮವಾರಪೇಟೆ ಕಡೆ ಕಾಫಿ ತೋಟ ಮಾಡಿಕೊಂಡಿರುವವನು. ಅಮ್ಮನಿಗೆ ಈ ಆಪರೇಷನ್ ಮಾಡಿಸಲು ಓಡಾಡಿದಾಗ ಕಲಿತದ್ದನ್ನು ಮಾತ್ರ ಬರೆಯುತ್ತಿದ್ದೇನೆ. ನಿಮ್ಮವರಿಗೆ ಇದು ಸರಿಯೋ ತಪ್ಪೋ ಅಂತ ಹೇಳಬೇಕಾದವರು ನ್ಯೂರಾಲಜಿಸ್ಟ್.

ಏನಿದು, ಎರಡು ಮಾತಿನಲ್ಲಿ

ಮಿದುಳಿನ ಆಳದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಕೋಶಗಳು ಇರುತ್ತವೆ. ಪಾರ್ಕಿನ್ಸನ್‌ನಲ್ಲಿ ಅವು ಒಂದೊಂದಾಗಿ ಸಾಯುತ್ತವೆ. ಡೋಪಮೈನ್ ಕಡಿಮೆಯಾದಾಗ ಚಲನೆ ನಿಯಂತ್ರಿಸುವ ಜಾಲದಲ್ಲಿ ತಪ್ಪು ತಾಳ ಶುರುವಾಗುತ್ತದೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಪ್ರತಿ ಕೆಲಸವೂ ನಿಧಾನವಾಗುತ್ತದೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ಕೆಲವು ಗಂಟೆ ತುಂಬುತ್ತದೆ. ಡಿಬಿಎಸ್, ಅಂದರೆ ಡೀಪ್ ಬ್ರೈನ್ ಸ್ಟಿಮ್ಯುಲೇಶನ್, ಬೇರೆ ದಾರಿ ಹಿಡಿಯುತ್ತದೆ. ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ, ಸೆಕೆಂಡಿಗೆ ಸುಮಾರು 130 ಸಲ ಪುಟ್ಟ ಪುಟ್ಟ ಕರೆಂಟ್ ಕೊಟ್ಟು ಆ ತಪ್ಪು ತಾಳವನ್ನು ಕೆಡಿಸುತ್ತದೆ. ತಂತಿಯ ದಪ್ಪ ಒಂದೂಕಾಲು ಮಿಲಿಮೀಟರ್ ಆಸುಪಾಸು. ಅದು ಚರ್ಮದ ಕೆಳಗೇ ಕಿವಿಯ ಹಿಂದಿನಿಂದ ಕುತ್ತಿಗೆ ದಾಟಿ ಎದೆಯಲ್ಲಿರುವ ಬ್ಯಾಟರಿಗೆ ಸೇರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕುವುದನ್ನು ನೋಡಿದ್ದೀರಲ್ಲ, ಎದೆಯ ಭಾಗ ಥೇಟ್ ಹಾಗೆಯೇ.

ಇದು ನಿನ್ನೆ ಮೊನ್ನೆ ಬಂದ ಪ್ರಯೋಗ ಅಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್ ಲೂಯಿ ಬೆನಾಬಿಡ್ ಅನ್ನುವ ಸರ್ಜನ್ 1987ರಲ್ಲಿ ನಡುಕಕ್ಕೆ ಇದನ್ನು ಶುರು ಮಾಡಿದರು. ಅದಕ್ಕೂ ಮೊದಲು ಮಿದುಳಿನ ಒಂದು ಚೂರನ್ನು ಸುಟ್ಟೇ ನಡುಕ ನಿಲ್ಲಿಸುತ್ತಿದ್ದರು. ಸುಡುವ ಮುಂಚೆ ಜಾಗ ಸರಿಯಿದೆಯಾ ಅಂತ ಪರೀಕ್ಷಿಸಲು ಕರೆಂಟ್ ಕೊಟ್ಟಾಗ, ಕರೆಂಟಿನ ವೇಗ ಹೆಚ್ಚಿಸಿದರೆ ಸುಡದೆಯೇ ನಡುಕ ನಿಲ್ಲುವುದು ಅವರ ಕಣ್ಣಿಗೆ ಬಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್‌ನ ಉಳಿದ ಚಲನೆಯ ತೊಂದರೆಗಳಿಗೂ ಒಪ್ಪಿಗೆ ಕೊಟ್ಟಿತು.

ಮೊದಲು: ಕಾಯಿಲೆ ಪಾರ್ಕಿನ್ಸನ್ನೇ ಹೌದಾ?

ಪಾರ್ಕಿನ್ಸನ್ ಥರವೇ ಕಾಣುವ ಬೇರೆ ಕಾಯಿಲೆಗಳಿವೆ. ಶುರುವಿನಲ್ಲೇ ಪದೇ ಪದೇ ಬೀಳುವುದು, ಕಣ್ಣು ಕೆಳಗೆ ತಿರುಗಿಸಲು ಕಷ್ಟ, ಎದ್ದು ನಿಂತ ಕೂಡಲೇ ಬಿಪಿ ಇಳಿದು ತಲೆ ಸುತ್ತುವುದು, ಮಾತ್ರೆ ಎಷ್ಟು ಕೊಟ್ಟರೂ ಏನೂ ಆಗದಿರುವುದು. ಇಂಥವರಿಗೆ ಡಿಬಿಎಸ್‌ನಿಂದ ಉಪಯೋಗ ಆಗುವುದಿಲ್ಲ. ಅದಕ್ಕೇ ಡಾಕ್ಟರುಗಳು ಸಾಮಾನ್ಯವಾಗಿ ಕಾಯಿಲೆ ಶುರುವಾಗಿ ನಾಲ್ಕೈದು ವರ್ಷ ಆಗಲಿ ಅನ್ನುತ್ತಾರೆ. ಅಷ್ಟರಲ್ಲಿ ಈ ಬೇರೆ ಕಾಯಿಲೆಗಳು ತಮ್ಮ ಬಣ್ಣ ತೋರಿಸಿರುತ್ತವೆ. ಹಾಗಂತ ಹಾಸಿಗೆ ಹಿಡಿಯುವ ತನಕ ಕಾಯುವುದೂ ತಪ್ಪೇ. ನಮ್ಮ ಕಡೆ ಅದೇ ಜಾಸ್ತಿ. "ಕೊನೆಗೆ ಏನೂ ಆಗದಿದ್ದರೆ ಆಪರೇಷನ್ ಇದ್ದೇ ಇದೆಯಲ್ಲ" ಅಂತ ನಮ್ಮ ಮಾವ ಹೇಳುತ್ತಿದ್ದರು. ಕೊನೆಗೆ ಮಾಡಿಸುವ ಆಪರೇಷನ್ ಇದಲ್ಲ. ಮಾತ್ರೆ ಇನ್ನೂ ಕೆಲಸ ಮಾಡುತ್ತಿದೆ, ಆದರೆ ನಂಬುವ ಹಾಗಿಲ್ಲ ಅನ್ನುವ ಹಂತದಲ್ಲಿ ಮಾಡಿಸಬೇಕಾದದ್ದು.

ಡಾಕ್ಟರುಗಳು 5-2-1 ಅಂತ ಒಂದು ಸುಲಭದ ಲೆಕ್ಕ ಬಳಸುತ್ತಾರೆ. ದಿನಕ್ಕೆ 5 ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಲೆವೊಡೋಪಾ ಬೇಕಾಗುತ್ತಿದೆಯಾ? ಎಚ್ಚರ ಇರುವ ಹೊತ್ತಿನಲ್ಲಿ 2 ಗಂಟೆಗಿಂತ ಜಾಸ್ತಿ ಮೈ ಹಿಡಿದುಕೊಂಡಿರುತ್ತದಾ? ಮಾತ್ರೆ ಹಿಡಿದಾಗ ತೊಂದರೆ ಕೊಡುವಷ್ಟು ಮೈ ತಾನಾಗಿ ಓಲಾಡುವುದು 1 ಗಂಟೆಗಿಂತ ಜಾಸ್ತಿ ಇದೆಯಾ? ಇದರಲ್ಲಿ ಯಾವುದಾದರೂ ಒಂದಕ್ಕೆ ಹೌದು ಅಂದರೆ, ಚಲನೆಯ ತೊಂದರೆಗಳನ್ನೇ ನೋಡುವ ತಜ್ಞರ ಹತ್ತಿರ ಹೋಗುವ ಹೊತ್ತು ಬಂದಿದೆ ಅಂತ ಅರ್ಥ. ಆಪರೇಷನ್ ಆಗಲೇಬೇಕು ಅಂತಲ್ಲ.

ಎರಡನೆಯದು: ಡೈರಿ

ಇದು ದುಡ್ಡು ಕೇಳದ ಕೆಲಸ. ಆದರೂ ಯಾರೂ ಮಾಡುವುದಿಲ್ಲ. ಇದೊಂದನ್ನು ಮಾತ್ರ ತಪ್ಪಿಸಬೇಡಿ.

ಹಳೇ ಕೂಲಿ ಲೆಕ್ಕದ ಪುಸ್ತಕ ಇದ್ದರೆ ಅದೇ ಸಾಕು. ಹದಿನೈದು ದಿನ ಬರೆಯಿರಿ. ಪ್ರತಿ ಅರ್ಧ ಗಂಟೆಗೆ ಒಂದು ಗೆರೆ. ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಮೈ ಹಿಡಿದದ್ದು, ಮೈ ಬಿಟ್ಟದ್ದು, ಓಲಾಡಿದ್ದು, ನಿದ್ದೆ. ಮೈ ಬಿಟ್ಟಿರುವ ಹೊತ್ತನ್ನು ಡಾಕ್ಟರು 'ಆನ್' ಅನ್ನುತ್ತಾರೆ, ಹಿಡಿದಿರುವ ಹೊತ್ತನ್ನು 'ಆಫ್'. ನಮ್ಮ ಮನೆಯಲ್ಲಿ ಅತ್ತಿಗೆ ಇದಕ್ಕೆ 'ರೊಟ್ಟಿ ಹೊತ್ತು', 'ರೊಟ್ಟಿ ಇಲ್ಲದ ಹೊತ್ತು' ಅಂತ ಬರೆದಿದ್ದರು. ಬೆಂಗಳೂರಿನ ಡಾಕ್ಟರು ಆ ಪುಸ್ತಕ ನೋಡಿ ನಕ್ಕರು, ಆದರೆ ಪುಟ ಪುಟವನ್ನೂ ಓದಿದರು.

ಫೋನಿನಲ್ಲಿ ವೀಡಿಯೋ ಕೂಡ ತೆಗೆಯಿರಿ. ಆಫ್ ಇದ್ದಾಗ ಒಂದು, ಆನ್ ಇದ್ದಾಗ ಒಂದು. ಕುರ್ಚಿಯಿಂದ ಏಳುವುದು, ನಡೆದು ತಿರುಗುವುದು, ಕೈ ಬಿಡಿಸಿ ಮುಚ್ಚುವುದು. ಐದು ಗಂಟೆ ಪ್ರಯಾಣ ಮಾಡಿ ಡಾಕ್ಟರ ಮುಂದೆ ಕೂತಾಗ ನಿಮ್ಮವರು ಆ ಗಳಿಗೆಯಲ್ಲಿ ಚೆನ್ನಾಗಿಯೇ ಇರುತ್ತಾರೆ, ಅದು ಗ್ಯಾರಂಟಿ.

ಡೈರಿ ಬರೆಯುವಾಗ ನಮಗೆ ಇನ್ನೊಂದು ವಿಷಯ ಗೊತ್ತಾಯಿತು. ಮಧ್ಯಾಹ್ನ ಪಂದಿ ಕರಿ ಅಥವಾ ಕೋಳಿ ಸಾರು ಇದ್ದ ದಿನ ಒಂದು ಗಂಟೆಯ ಮಾತ್ರೆ ಹಿಡಿಯುತ್ತಲೇ ಇರಲಿಲ್ಲ. ಮಾಂಸ, ಮೊಟ್ಟೆ, ಬೇಳೆಯಲ್ಲಿರುವ ಪ್ರೋಟೀನು ಲೆವೊಡೋಪಾ ಜೊತೆ ಪೈಪೋಟಿಗೆ ಬೀಳುತ್ತದೆ. ಕರುಳಿನಲ್ಲೂ, ಮಿದುಳಿನ ಬಾಗಿಲಿನಲ್ಲೂ. ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ಕೊಡಲು ಶುರು ಮಾಡಿದೆವು. ಅಷ್ಟರಿಂದಲೇ ದಿನಕ್ಕೆ ಸುಮಾರು ಒಂದು ಗಂಟೆ ವಾಪಸ್ ಸಿಕ್ಕಿತು. ಆಪರೇಷನ್ ಯೋಚನೆಗೆ ಮೊದಲು ಇಂಥ ಸಣ್ಣ ರಿಪೇರಿಗಳು ಮುಗಿದಿರಬೇಕು.

ನಸುಗುನ್ನಿ ಪುಡಿ ಕೊಡುತ್ತಿದ್ದೀರಾ? ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿಬಿಡಿ, ಮುಚ್ಚಿಡಬೇಡಿ. ನಮ್ಮ ತೋಟದ ಬೇಲಿಯಲ್ಲಿ ಬೆಳೆದು ಮೈಯೆಲ್ಲ ತುರಿಸುವ ಅದೇ ಬಳ್ಳಿಯ ಬೀಜದಲ್ಲಿ ಲೆವೊಡೋಪಾನೇ ಇರುತ್ತದೆ. ಗುಟ್ಟಾಗಿ ಕೊಟ್ಟರೆ ಮಾತ್ರೆಯ ಲೆಕ್ಕವೂ ತಪ್ಪುತ್ತದೆ, ಮುಂದೆ ಆಗುವ ಪರೀಕ್ಷೆಯ ಲೆಕ್ಕವೂ ತಪ್ಪುತ್ತದೆ.

ಮೂರನೆಯದು: ಯಾವುದು ಸರಿಹೋಗುತ್ತೆ, ಯಾವುದು ಇಲ್ಲ

ಮನೆಯವರೆಲ್ಲ ಒಟ್ಟಿಗೆ ಕೂತು ಮಾತಾಡಬೇಕಾದ ಭಾಗ ಇದು. ಯಾಕೆಂದರೆ ಆಮೇಲೆ ಬರುವ ಬೇಜಾರೆಲ್ಲ ಇಲ್ಲಿಂದಲೇ ಹುಟ್ಟುವುದು.

ನಡುಕ, ಬಿಗಿತ, ನಿಧಾನ ಈ ಮೂರೂ ಕಡಿಮೆಯಾಗುತ್ತವೆ. ಆನ್-ಆಫ್ ಏರಿಳಿತ ತಗ್ಗುತ್ತದೆ. ಮೈ ಓಲಾಡುವುದು ಕಡಿಮೆಯಾಗುತ್ತದೆ. ತಂತಿಯನ್ನು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಅನ್ನುವ ಜಾಗಕ್ಕೆ ಹಾಕಿದರೆ ಎಷ್ಟೋ ಜನರಿಗೆ ಮಾತ್ರೆಯನ್ನು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಇಳಿಸಬಹುದು. ಗ್ಲೋಬಸ್ ಪ್ಯಾಲಿಡಸ್ ಅನ್ನುವ ಇನ್ನೊಂದು ಜಾಗವೂ ಇದೆ. ಅಲ್ಲಿಗೆ ಹಾಕಿದರೆ ಮಾತ್ರೆ ಅಷ್ಟೇನೂ ಇಳಿಯುವುದಿಲ್ಲ, ಆದರೆ ಓಲಾಟ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ಯಾವುದು ಅಂತ ಡಾಕ್ಟರು ತೀರ್ಮಾನಿಸುತ್ತಾರೆ. ನೀವು "ಯಾಕೆ ಆ ಜಾಗ?" ಅಂತ ಕೇಳಿ, ಅದು ನಿಮ್ಮ ಹಕ್ಕು.

ಸರಿಹೋಗದೆ ಇರುವುದು: ಮಾತ್ರೆ ಚೆನ್ನಾಗಿ ಹಿಡಿದಾಗಲೂ ಇರುವ ಸಮತೋಲನದ ತೊಂದರೆ, ಆನ್ ಇದ್ದಾಗಲೂ ಬಾಗಿಲ ಹತ್ತಿರ ಕಾಲು ಅಂಟಿಕೊಳ್ಳುವುದು, ಮಾತು ತೊದಲುವುದು, ನುಂಗಲು ಕಷ್ಟ, ಮರೆವು, ಮಲಬದ್ಧತೆ. ಮಾತು ಇನ್ನೂ ಸ್ವಲ್ಪ ಕೆಡಲೂಬಹುದು. ಮರೆವು ಜಾಸ್ತಿ ಇರುವವರಿಗೆ ಡಿಬಿಎಸ್ ಮಾಡುವುದಿಲ್ಲ, ಮಾಡಿದರೆ ಗೊಂದಲ ಹೆಚ್ಚಾಗುತ್ತದೆ. ಇನ್ನೊಂದು ಮುಖ್ಯ ಮಾತು. ಇದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಕಾಯಿಲೆ ತನ್ನ ಪಾಡಿಗೆ ಮುಂದುವರಿಯುತ್ತದೆ, ಡಿಬಿಎಸ್ ಅದರ ಕಾಟವನ್ನು ವರ್ಷಗಟ್ಟಲೆ ತಗ್ಗಿಸಿಡುತ್ತದೆ, ಅಷ್ಟೇ.

ಅಪಾಯ? 100 ಜನರಲ್ಲಿ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತ ಸೋರುತ್ತದೆ. ಸೋಂಕು ಆಗುವವರು ಅದಕ್ಕಿಂತ ಸ್ವಲ್ಪ ಜಾಸ್ತಿ. ಸೋಂಕು ಬಲವಾದರೆ ಹಾಕಿದ ಉಪಕರಣವನ್ನೇ ತೆಗೆಯಬೇಕಾಗಬಹುದು. ಇದನ್ನು ಅಮ್ಮನ ಎದುರಿಗೇ ಮಾತಾಡಿದೆವು. ಮೊದಲು ಮುಚ್ಚಿಡೋಣ ಅಂತಿದ್ದೆವು, ಆದರೆ ತಲೆ ಅವರದ್ದಲ್ವಾ?

ನಾಲ್ಕನೆಯದು: ಎಲ್ಲಿ, ಎಷ್ಟು, ಯಾವ ತಿಂಗಳು

ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಬಂದಿದೆ, ಮೈಸೂರು ಮಂಗಳೂರುಗಳಲ್ಲಿ ನ್ಯೂರಾಲಜಿಸ್ಟುಗಳು ಸಿಗುತ್ತಾರೆ. ಮಾತ್ರೆಯ ಹಂತಕ್ಕೆ ಇಷ್ಟು ಸಾಕು. ಡಿಬಿಎಸ್‌ಗೆ ಮಾತ್ರ ಇದನ್ನು ಪದೇ ಪದೇ ಮಾಡುವ ತಂಡವೇ ಬೇಕು. ನ್ಯೂರಾಲಜಿಸ್ಟ್, ನ್ಯೂರೋಸರ್ಜನ್, ಮನೋವೈದ್ಯರು, ಪ್ರೋಗ್ರಾಮಿಂಗ್ ಮಾಡುವವರು (ಅಂದರೆ ಕರೆಂಟ್ ಎಷ್ಟು ಬೇಕು ಅಂತ ಸೆಟ್ಟಿಂಗ್ ಹೊಂದಿಸುವವರು), ಎಲ್ಲರೂ ಒಂದೇ ಕಡೆ ಇರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ಮಾಡುತ್ತಾರೆ, ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಮಾಡುತ್ತಾರೆ. ಎಲ್ಲೇ ಹೋದರೂ ಎರಡು ಪ್ರಶ್ನೆ ಕೇಳಿ. ವರ್ಷಕ್ಕೆ ಎಷ್ಟು ಮಾಡುತ್ತೀರಿ? ಆಪರೇಷನ್ ಆದಮೇಲೆ ಸೆಟ್ಟಿಂಗ್ ಮಾಡುವವರು ಯಾರು, ಅವರು ವಾರದಲ್ಲಿ ಎಷ್ಟು ದಿನ ಸಿಗುತ್ತಾರೆ? ಎರಡನೆಯದಕ್ಕೆ ತಡವರಿಸಿದರೆ ನಾನಾದರೆ ಬೇರೆ ಕಡೆ ನೋಡುತ್ತೇನೆ.

ಖರ್ಚು ಲಕ್ಷಗಳ ಲೆಕ್ಕ, ಖಾಸಗಿಯಲ್ಲಿ ಹತ್ತು ಲಕ್ಷ ದಾಟುವುದು ಮಾಮೂಲು. ಅದರಲ್ಲಿ ಉಪಕರಣದ್ದೇ ದೊಡ್ಡ ಪಾಲು. ನಮ್ಮ ಜಿಲ್ಲೆಯಲ್ಲಿ ಮಿಲಿಟರಿಯಿಂದ ನಿವೃತ್ತರಾದವರು ಮನೆಗೊಬ್ಬರು ಅನ್ನುವ ಹಾಗಿದ್ದಾರೆ, ಅವರಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇರುತ್ತದೆ. ಅದರಲ್ಲಿ ಬರುತ್ತಾ ಅಂತ ಮೊದಲೇ ಬರಹದಲ್ಲಿ ಕೇಳಿ, ಅನುಮತಿ ಕೈಗೆ ಬಂದಮೇಲೆ ಮಾತ್ರ ತಾರೀಕು ಗೊತ್ತು ಮಾಡಿ. ವಿಮೆ ಇದ್ದರೂ ಅಷ್ಟೇ. ಉಪಕರಣಕ್ಕೆ ಮಿತಿ ಎಷ್ಟು, ಮುಂದೆ ಬ್ಯಾಟರಿ ಬದಲಿಸಲು ಕೊಡುತ್ತಾರಾ ಅಂತ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಡಿ, ಖರ್ಚೇನಿಲ್ಲ.

ತಿಂಗಳಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆಪರೇಷನ್ ಒಂದು ಸಲದ ಕೆಲಸ, ಸೆಟ್ಟಿಂಗ್ ಸರಿಹೋಗಲು ಮೂರರಿಂದ ಆರು ತಿಂಗಳು ಬೇಕು. ಅಷ್ಟೂ ದಿನ ಓಡಾಟ. ಜೂನ್‌ನಲ್ಲಿ ಆಪರೇಷನ್ ಮಾಡಿಸಿದರೆ ಗಾಯ ಒಣಗುವುದರಿಂದ ಹಿಡಿದು ರಸ್ತೆ ತನಕ ಎಲ್ಲವೂ ಮಳೆಯ ಕೈಯಲ್ಲಿ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದವರಿಗೆ ಮತ್ತೆ ಹೇಳಬೇಕಾಗಿಲ್ಲ. ನವೆಂಬರ್‌ನಲ್ಲಿ ಮಾಡಿಸಿದರೆ ಅರೇಬಿಕಾ ಕೊಯ್ಲು, ಆಳು ಹಿಡಿಯುವುದೋ ಅಮ್ಮನನ್ನು ಕರೆದೊಯ್ಯುವುದೋ? ನಾವು ಹಣ್ಣು ಕಣದಿಂದ ಎದ್ದಮೇಲೆ ಫೆಬ್ರವರಿಯಲ್ಲಿ ಮಾಡಿಸಿದೆವು. ಮಳೆ ಹಿಡಿಯುವಷ್ಟರಲ್ಲಿ ದೊಡ್ಡ ಓಡಾಟ ಮುಗಿದಿತ್ತು. ರೋಬಸ್ಟಾ ಇರುವವರು ಇನ್ನೊಂದು ತಿಂಗಳು ಮುಂದೆ ಹೋಗಬೇಕಾದೀತು.

ಐದನೆಯದು: ಪರೀಕ್ಷೆಯ ದಿನಗಳು

ಮುಖ್ಯ ಪರೀಕ್ಷೆಗೆ ಲೆವೊಡೋಪಾ ಚಾಲೆಂಜ್ ಅಂತಾರೆ. ಹಿಂದಿನ ರಾತ್ರಿಯಿಂದ ಸುಮಾರು 12 ಗಂಟೆ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಆಫ್ ಇದ್ದಾಗ ಚಲನೆಗೆ ಅಂಕ ಹಾಕುತ್ತಾರೆ. ಆಮೇಲೆ ಮಾತ್ರೆ ಕೊಟ್ಟು ಮತ್ತೆ ಅಂಕ ಹಾಕುತ್ತಾರೆ. ಸಾಮಾನ್ಯವಾಗಿ ಕನಿಷ್ಠ 30 ಶೇಕಡಾ ಸುಧಾರಣೆ ಕಾಣಬೇಕು. ರೊಟ್ಟಿಯ ಲೆಕ್ಕವನ್ನೇ ಅವರು ಅಂಕದಲ್ಲಿ ಮಾಡುವುದು. ಇದಕ್ಕೆ ಹಿಂದಿನ ದಿನವೇ ಹೋಗಿ ಆಸ್ಪತ್ರೆ ಹತ್ತಿರ ಉಳಿಯಿರಿ. ಮಾತ್ರೆ ಇಲ್ಲದ ಮನುಷ್ಯನನ್ನು ಬೆಳಗಿನ ಜಾವ ಸೋಮವಾರಪೇಟೆಯಿಂದ ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು ಶಿಕ್ಷೆ. ನಾವು ಒಂದು ಸಲ ಆ ತಪ್ಪು ಮಾಡಿದೆವು. ಕುಶಾಲನಗರ ದಾಟುವಷ್ಟರಲ್ಲಿ ಅಮ್ಮನಿಗೆ ಕುತ್ತಿಗೆ ತಿರುಗಿಸಲೂ ಆಗಲಿಲ್ಲ.

ಜೊತೆಗೆ ಎಂಆರ್‌ಐ, ನೆನಪಿನ ಪರೀಕ್ಷೆ, ಮನಸ್ಸಿನ ಪರೀಕ್ಷೆ. ಹಳೇ ಖಿನ್ನತೆ ಇದ್ದರೆ ಮುಚ್ಚಿಡಬೇಡಿ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಥರದ ಮಾತ್ರೆ ತಗೊಳ್ಳುವ ಕೆಲವರಿಗೆ ಇಸ್ಪೀಟು, ಆನ್‌ಲೈನ್ ರಮ್ಮಿ, ವಿಪರೀತ ಖರೀದಿಯ ಹುಚ್ಚು ಹಿಡಿಯುತ್ತದೆ. ಅದೂ ಕಾಯಿಲೆಯ ಲೆಕ್ಕಕ್ಕೇ ಸೇರಿದ್ದು, ನಾಚಿಕೆ ಪಡದೆ ಹೇಳಿ.

ಆರನೆಯದು: ಬ್ಯಾಟರಿ ಯಾವುದು, ಯಾವ ಕಡೆಗೆ

ಬ್ಯಾಟರಿಯಲ್ಲಿ ಎರಡು ಬಗೆ. ಚಾರ್ಜ್ ಮಾಡಬೇಕಾಗಿಲ್ಲದ್ದು ಮೂರರಿಂದ ಐದು ವರ್ಷ ಬರುತ್ತದೆ, ಆಮೇಲೆ ಎದೆಯ ಹತ್ತಿರ ಸಣ್ಣ ಆಪರೇಷನ್ ಮಾಡಿ ಬದಲಿಸಬೇಕು. ಚಾರ್ಜ್ ಮಾಡುವಂಥದ್ದು ಹದಿನೈದು ವರ್ಷದಷ್ಟು ಬರಬಹುದು, ಆದರೆ ಶುರುವಿನಲ್ಲೇ ದುಬಾರಿ. ಎದೆಯ ಮೇಲೆ ಚಾರ್ಜರಿನ ಬಿಲ್ಲೆ ಇಟ್ಟುಕೊಂಡು ದಿನಾ ಸ್ವಲ್ಪ ಹೊತ್ತೋ ವಾರಕ್ಕೆ ಒಂದೆರಡು ಸಲವೋ ಕೂರಬೇಕು.

ಬೆಂಗಳೂರಿನಲ್ಲಿ ಕೂತು ಯೋಚಿಸಿದರೆ ಎರಡನೆಯದೇ ಲಾಭ. ಜುಲೈ ತಿಂಗಳಲ್ಲಿ ಶಾಂತಳ್ಳಿ ಕಡೆ ಮರ ಬಿದ್ದು ಕರೆಂಟ್ ಹೋಗಿ ಮೂರು ದಿನ ಆದಾಗ ಯೋಚಿಸಿದರೆ ಲೆಕ್ಕ ಬೇರೆ. ಆದರೂ ನಾವು ಚಾರ್ಜ್ ಮಾಡುವಂಥದ್ದನ್ನೇ ಹಾಕಿಸಿದೆವು. ಯುಪಿಎಸ್ ಇದೆ, ಅಮ್ಮನ ಜೊತೆ ಯಾವಾಗಲೂ ಒಬ್ಬರು ಇರುತ್ತಾರೆ. ಮಳೆಗಾಲದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಎಷ್ಟೋ ಕಂಪನಿಗಳ ಚಾರ್ಜರಿಗೂ ಅದರದ್ದೇ ಬ್ಯಾಟರಿ ಇರುತ್ತದೆ, ಅದನ್ನು ತುಂಬಿಸಿಡುವುದೂ ಒಂದು ಕೆಲಸ. ಒಂಟಿಯಾಗಿರುವ ಹಿರಿಯರಿಗೆ, ಅಥವಾ ಮರೆವು ಶುರುವಾಗಬಹುದು ಅನ್ನುವವರಿಗೆ, ಚಾರ್ಜ್ ಬೇಡದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನು ಯಾವ ಕಡೆ ಎದೆ? ಇದನ್ನು ನೀವಾಗಿಯೇ ಬಾಯಿಬಿಟ್ಟು ಹೇಳಬೇಕು. ಬೆಂಗಳೂರಿನ ಸರ್ಜನ್‌ಗೆ ಕೊಡವರ ಕೈಲ್ ಮುಹೂರ್ತ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಹೇಗೆ ಗೊತ್ತಿರುತ್ತದೆ? ಕೋವಿಯ ಹಿಂಬದಿ ಬಲ ಭುಜಕ್ಕೆ ಒದೆಯುತ್ತದೆ. ಬ್ಯಾಟರಿ ಬಲಗಡೆ ಕಾಲರ್ ಎಲುಬಿನ ಕೆಳಗೆ ಕೂತಿದ್ದರೆ ಆ ಒದೆತ ನೇರ ಅದಕ್ಕೇ. ಕೊಡವ ಪದ್ಧತಿಯಲ್ಲಿ ಸೀರೆ ಉಡುವ ಹೆಂಗಸರು ಸೆರಗಿಗೆ ಪಿನ್ ಹಾಕುವುದೂ ಬಲ ಭುಜದಲ್ಲೇ. ಹೆಗಲ ಮೇಲೆ ಮೂಟೆ ಹೊರುವವರಿದ್ದರೆ ಯಾವ ಹೆಗಲು ಅಂತ ಹೇಳಿ. ಎಡಕ್ಕೆ ಹಾಕಲು ಅಡ್ಡಿಯೇನೂ ಇಲ್ಲದಿದ್ದರೆ ಎಡಕ್ಕೆ ಹಾಕುತ್ತಾರೆ.

ಏಳನೆಯದು: ಆಪರೇಷನ್

ರಕ್ತ ತೆಳು ಮಾಡುವ ಮಾತ್ರೆಗಳಿದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿ ಬರೆದುಕೊಳ್ಳಿ. ಆಸ್ಪಿರಿನ್ನೂ ಇದರಲ್ಲಿ ಸೇರುತ್ತದೆ. ಹೃದಯದ ಡಾಕ್ಟರ ಒಪ್ಪಿಗೆಯೂ ಬೇಕು.

ತಲೆಗೆ ಒಂದು ಲೋಹದ ಚೌಕಟ್ಟನ್ನು ಸ್ಕ್ರೂಗಳಿಂದ ಬಿಗಿಯುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ಬಿಗಿಯುವುದು, ಆದರೂ ಒತ್ತಡ ಗೊತ್ತಾಗುತ್ತದೆ. ಸಿಟಿ ಸ್ಕ್ಯಾನ್ ತೆಗೆದು ಮೊದಲಿನ ಎಂಆರ್‌ಐ ಜೊತೆ ಹೊಂದಿಸಿ ದಾರಿ ಗುರುತಿಸುತ್ತಾರೆ. ತಲೆಬುರುಡೆಯಲ್ಲಿ ಸಣ್ಣ ತೂತು. ಅನೇಕ ಕಡೆ ಈ ಹೊತ್ತಿನಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಯಾಕೆಂದರೆ ತಂತಿ ಸರಿಯಾದ ಜಾಗಕ್ಕೆ ಬಂತಾ ಅಂತ ಅವರ ಕೈಯೇ ಹೇಳಬೇಕು. ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ಕೆಲವು ಕಡೆ ಪೂರ್ತಿ ಅರಿವಳಿಕೆಯಲ್ಲೂ ಮಾಡುತ್ತಾರೆ. ಭಯ ಜಾಸ್ತಿ ಇರುವವರು ಇದನ್ನು ಮೊದಲೇ ಕೇಳಬಹುದು.

ಅಮ್ಮ ಆಮೇಲೆ ಹೇಳಿದ್ದು: ಕೊರೆಯುವ ಸದ್ದೇ ಎಲ್ಲಕ್ಕಿಂತ ಕೆಟ್ಟದ್ದು, ಮರ ಕೊರೆಯುವ ಮಿಷನ್ನನ್ನು ಕಿವಿಯೊಳಗೇ ಇಟ್ಟ ಹಾಗೆ. ಆಮೇಲೆ ನರಕೋಶಗಳ ಸದ್ದನ್ನು ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಾ ತಂತಿ ಇಳಿಸುತ್ತಾರಲ್ಲ, ಅದು "ನಮ್ಮ ಕೊಟ್ಟಿಗೆ ಶೀಟಿನ ಮೇಲೆ ಮಳೆ ಬಿದ್ದ ಹಾಗೇ ಇತ್ತು ಕಣೋ". ಡಾಕ್ಟರು "ಅಮ್ಮಾ, ಕೈ ಬಿಡಿಸಿ ಮುಚ್ಚಿ" ಅಂದರಂತೆ. ಇವರು ಎರಡು ಸಲ ಹಾಗೆ ಮಾಡಿ, ಬೇಜಾರಾಗಿ, ಗಾಳಿಯಲ್ಲೇ ರೊಟ್ಟಿ ತಟ್ಟಲು ಶುರು ಮಾಡಿದರಂತೆ. ಮೊದಲು ಬೆರಳು ಅಂಟಿಕೊಂಡೇ ಇದ್ದವು. ಕರೆಂಟ್ ಕೊಟ್ಟಾಗ ಅಂಗೈ ತಾನಾಗಿ ತಿರುಗುತ್ತಾ ಹೋಯಿತು, ತೆಳ್ಳಗೆ, ಅಂಚಿನ ತನಕ. ಡಾಕ್ಟರು "ಅದೇ ಮಾಡಿ, ನಿಲ್ಲಿಸಬೇಡಿ" ಅಂದರು. ವಾರದ ಹೆಸರು ಹೇಳಿಸಿದರು, ಬಾಯಿ ಒಂದು ಕಡೆಗೆ ಎಳೆಯುತ್ತಾ, ಕೈ ಜುಮ್ಮೆನ್ನುತ್ತಾ ಅಂತ ಕೇಳಿದರು. ಇವೆಲ್ಲ ಕರೆಂಟ್ ಪಕ್ಕದ ನರಕ್ಕೆ ಹರಿಯುತ್ತಿದೆಯಾ ಅಂತ ನೋಡಲು.

ಬ್ಯಾಟರಿ ಕೂರಿಸುವುದು ಪೂರ್ತಿ ಅರಿವಳಿಕೆಯಲ್ಲಿ, ಅದೇ ದಿನವೋ ಕೆಲವು ದಿನ ಬಿಟ್ಟೋ. ಅದೇ ದಿನ ಆದರೆ ಒಟ್ಟು ಒಂದು ದಿನದ ಕೆಲಸ ಅಂದುಕೊಳ್ಳಿ. ಹೊರಗೆ ಕಾಯುವವರು ಊಟ ಮಾಡಿಕೊಂಡು ಬನ್ನಿ, ಎಂಟು ಗಂಟೆ ಹಿಡಿದರೂ ಗಾಬರಿ ಬೇಡ.

ಎಂಟನೆಯದು: ಮೊದಲ ಕೆಲವು ತಿಂಗಳು

ಎಲ್ಲರನ್ನೂ ದಾರಿ ತಪ್ಪಿಸುವ ಒಂದು ವಿಷಯ ಇದೆ. ಬ್ಯಾಟರಿಯನ್ನು ಆನ್ ಮಾಡುವ ಮೊದಲೇ ನಡುಕ ಹೋಗಿರಬಹುದು. ತಂತಿ ಇಳಿಸಿದಾಗ ಆ ಜಾಗ ಸ್ವಲ್ಪ ಊದಿಕೊಂಡು ಹಾಗಾಗುತ್ತದೆ. ಮನೆಯಲ್ಲಿ ಹಬ್ಬ. ಕೆಲವು ದಿನ ಅಥವಾ ವಾರದ ನಂತರ ನಡುಕ ವಾಪಸ್. ಆಗ "ಆಪರೇಷನ್ ಫೇಲ್ ಆಯಿತು" ಅಂತ ನೆಂಟರಿಗೆಲ್ಲ ಫೋನ್ ಹೋಗುತ್ತದೆ. ಫೇಲ್ ಆಗಿಲ್ಲ, ಕೆಲಸ ಇನ್ನೂ ಶುರುವೇ ಆಗಿಲ್ಲ.

ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ನಂತರ ಪ್ರೋಗ್ರಾಮಿಂಗ್ ಶುರು. ಪ್ರತಿ ತಂತಿಯ ತುದಿಯಲ್ಲಿ ನಾಲ್ಕು ಅಥವಾ ಹೆಚ್ಚು ಬಿಂದುಗಳಿರುತ್ತವೆ. ಯಾವ ಬಿಂದುವಿನಿಂದ, ಎಷ್ಟು ಕರೆಂಟ್, ಎಷ್ಟು ವೇಗದಲ್ಲಿ ಅಂತ ಒಂದೊಂದಾಗಿ ನೋಡುತ್ತಾರೆ. ಈ ದಿನವೂ ಮಾತ್ರೆ ಇಲ್ಲದೆ ಬರಲು ಹೇಳುತ್ತಾರೆ, ಹಾಗಾಗಿ ಮತ್ತೆ ಹಿಂದಿನ ದಿನವೇ ಹೋಗಿ ಉಳಿಯಬೇಕು. ಕರೆಂಟ್ ಏರಿಸುವುದು ನಿಧಾನ, ಮಾತ್ರೆ ಇಳಿಸುವುದೂ ನಿಧಾನ. ಮನೆಯಲ್ಲಿ ನೀವೇ ಮಾತ್ರೆ ಕಡಿಮೆ ಮಾಡಬೇಡಿ. ಲೆವೊಡೋಪಾ ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು.

ಅಮ್ಮನಿಗೆ ಎರಡನೇ ತಿಂಗಳಲ್ಲಿ ಕೈ ಚೆನ್ನಾಗಿತ್ತು, ಮಾತು ಮಾತ್ರ ಮೆತ್ತಗಾಯಿತು. ಪಕ್ಕದ ಕೋಣೆಗೆ ಕೇಳುತ್ತಿರಲಿಲ್ಲ. ಕರೆಂಟ್ ಸ್ವಲ್ಪ ಇಳಿಸಿದರೆ ಮಾತು ಬಂತು, ಕೈ ಒಂಚೂರು ನಿಧಾನವಾಯಿತು. ಯಾವುದು ಬೇಕು ಅಂತ ಡಾಕ್ಟರು ಅಮ್ಮನನ್ನೇ ಕೇಳಿದರು. ಅಮ್ಮ ಮಾತನ್ನು ಆರಿಸಿಕೊಂಡರು, ಅವರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಅದಕ್ಕಿಂತ ನಮ್ಮನ್ನು ಹೆದರಿಸಿದ್ದು ಬೇರೆ. ಮಾತ್ರೆ ಇಳಿಸಿದ ಮೇಲೆ ಕೆಲವು ವಾರ ಅಮ್ಮ ಸುಮ್ಮನಾಗಿಬಿಟ್ಟರು. ನಡೆಯಲು ಬರುತ್ತಿತ್ತು, ಆದರೂ ಏಳುತ್ತಿರಲಿಲ್ಲ. ಕಾಫಿ ಹೂವು ಅರಳಿಸುವ ಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು. ಆ ವಾಸನೆಗೆ ಯಾವತ್ತೂ ಅಂಗಳಕ್ಕೆ ಬರುವವರು ಕಿಟಕಿ ಕೂಡ ತೆಗೆಯಲಿಲ್ಲ. ಸುಸ್ತು ಅಂದುಕೊಂಡೆವು. ಡೋಪಮೈನ್ ಮಾತ್ರೆ ಬೇಗ ಇಳಿದಾಗ ಹೀಗೆ ಉತ್ಸಾಹ ಬತ್ತುವುದುಂಟಂತೆ. ಮಾತ್ರೆ ಸ್ವಲ್ಪ ಏರಿಸಿದ ಮೇಲೆ ಸರಿಹೋಯಿತು. ಖಿನ್ನತೆ, ವಿಪರೀತ ಸಿಟ್ಟು, ಅತಿಯಾದ ಹುರುಪು, ಸಾಯುವ ಮಾತು ಇದರಲ್ಲಿ ಏನೇ ಕಂಡರೂ ಮುಂದಿನ ತಾರೀಕಿನ ತನಕ ಕಾಯದೆ ಅವತ್ತೇ ಫೋನ್ ಮಾಡಿ.

ಗಾಯದ ವಿಷಯ: ಹೊಲಿಗೆ ತೆಗೆಯುವ ತನಕ ನೀರು ತಾಗಿಸಬೇಡಿ. ತಲೆ, ಕಿವಿಯ ಹಿಂದೆ, ಎದೆ ಇದರಲ್ಲಿ ಎಲ್ಲಾದರೂ ಕೆಂಪಗಾದರೆ, ಬಿಸಿಯಾದರೆ, ಕೀವು ಬಂದರೆ ಊರಿನ ಮುಲಾಮು ಹಚ್ಚಿ ಕೂರಬೇಡಿ, ಫೋಟೋ ತೆಗೆದು ಆಸ್ಪತ್ರೆಗೆ ಕಳಿಸಿ, ಹೊರಡಿ.

ಒಂಬತ್ತನೆಯದು: ತೋಟದಲ್ಲಿ, ಹೊಳೆಯಲ್ಲಿ, ಆಸ್ಪತ್ರೆಯಲ್ಲಿ

ಡಯಾಥರ್ಮಿ ಅನ್ನುವ ಪದವನ್ನು ಮನೆಯವರೆಲ್ಲ ಬಾಯಿಪಾಠ ಮಾಡಿ. ಮೊಣಕಾಲು, ಸೊಂಟ ನೋವಿಗೆ ಫಿಸಿಯೋಥೆರಪಿಯಲ್ಲಿ ಶಾಖ ಕೊಡುವ ಮಿಷನ್ ಇದು. ಡಿಬಿಎಸ್ ಇರುವವರಿಗೆ ಇದನ್ನು ಮೈಯ ಯಾವ ಭಾಗಕ್ಕೂ ಕೊಡಬಾರದು. ಅದರ ಶಕ್ತಿ ತಂತಿಯಲ್ಲಿ ಹರಿದು ಮಿದುಳನ್ನು ಸುಡಬಹುದು, ಹಾಗಾಗಿ ಜೀವ ಹೋದದ್ದೂ ಉಂಟು. ಅಮ್ಮನ ಮೊಣಕಾಲಿಗೆ ಒಂದು ಕಡೆ ಕರೆದುಕೊಂಡು ಹೋಗಿದ್ದೆ. ಚೀಟಿಯಲ್ಲಿ ದೊಡ್ಡದಾಗಿ ಬರೆದಿದ್ದರೂ ಅಲ್ಲಿನ ಹುಡುಗ ಮಿಷನ್ನಿನ ಪ್ಯಾಡುಗಳನ್ನು ಮೊಣಕಾಲಿಗೆ ಹೊಂದಿಸಿ ಸ್ವಿಚ್ಚಿಗೆ ಕೈ ಹಾಕಿದ್ದ. "ತಲೆಗಲ್ಲ ಸಾರ್, ಕಾಲಿಗೆ" ಅಂದ. ನಾನು ಕೈ ಹಿಡಿದು ನಿಲ್ಲಿಸಿದೆ. ಅವನ ತಪ್ಪೂ ಅಲ್ಲ ಅನ್ನಿ, ಇಂಥವರನ್ನು ಅವನು ನೋಡಿಯೇ ಇರಲಿಲ್ಲ. ಎಂಆರ್‌ಐಗೂ ಅಷ್ಟೇ. ಎಷ್ಟೋ ಹೊಸ ಉಪಕರಣಗಳಿಗೆ ಮಾಡಬಹುದು, ಆದರೆ ನಿಮ್ಮ ಮಾಡೆಲ್ಲಿಗೆ ಏನು ಷರತ್ತು ಅಂತ ನೋಡಿಯೇ ಮಾಡಬೇಕು. ಬೇರೆ ಯಾವ ಆಪರೇಷನ್ ಆದರೂ ಸರ್ಜನ್‌ಗೆ ಮೊದಲೇ ಉಪಕರಣದ ಕಾರ್ಡ್ ತೋರಿಸಿ.

ಈಜು. ಇದನ್ನು ಕೇಳಿ ನನಗೂ ಆಶ್ಚರ್ಯವಾಯಿತು. ಡಿಬಿಎಸ್ ಆದಮೇಲೆ ಕೈಕಾಲು ಚೆನ್ನಾಗಿ ಆಡುತ್ತಿದ್ದರೂ ಕೆಲವು ಒಳ್ಳೇ ಈಜುಗಾರರಿಗೆ ನೀರಿಗಿಳಿದಾಗ ಈಜಲು ಬರದೇ ಹೋಗಿದೆ. ವೈದ್ಯಕೀಯ ಪತ್ರಿಕೆಗಳಲ್ಲಿ ಇದು ವರದಿಯಾಗಿದೆ. ಹಾರಂಗಿಯೋ ಕಾವೇರಿಯೋ ಚಿಕ್ಕಂದಿನಿಂದ ಈಜಿದ ಹೊಳೆ ಅಂತ ಒಬ್ಬರೇ ಇಳಿಯಬೇಡಿ. ತೋಟದ ಕೆರೆಗೂ ಇದೇ ಮಾತು.

ಕರಿಮೆಣಸಿನ ಏಣಿ ಬೇಡ. ಮಾತ್ರೆಗಿಂತ ಹೆಚ್ಚು ಹೊತ್ತು ಮೈ ಬಿಟ್ಟಿರುತ್ತದೆ ನಿಜ, ಸಮತೋಲನ ವಾಪಸ್ ಬಂದಿರುವುದಿಲ್ಲ. ಆನೆಗೆ ಹಾಕಿದ ಸೋಲಾರ್ ಬೇಲಿ ಮುಟ್ಟದ ಹಾಗೆ ನೋಡಿಕೊಳ್ಳಿ. ವೆಲ್ಡಿಂಗ್ ನಡೆಯುವ ಕಡೆಯಿಂದ, ಮರ ಕೊಯ್ಯುವ ಮಿಷನ್ನು, ದೊಡ್ಡ ಮೋಟಾರು, ದೊಡ್ಡ ಸ್ಪೀಕರಿನ ಅಯಸ್ಕಾಂತ ಇವುಗಳಿಂದ ದೂರ ಇರಿ. ಎಷ್ಟು ದೂರ ಅಂತ ಕಂಪನಿ ಕೊಟ್ಟ ಪುಸ್ತಕದಲ್ಲಿರುತ್ತದೆ. ಮಿಕ್ಸಿ, ಟಿವಿ, ಮೊಬೈಲಿನಿಂದ ಏನೂ ಆಗುವುದಿಲ್ಲ, ಮೊಬೈಲನ್ನು ಬ್ಯಾಟರಿಯ ಮೇಲಿನ ಜೇಬಿನಲ್ಲಿ ಇಡದಿದ್ದರೆ ಸಾಕು. ವಿಮಾನ ನಿಲ್ದಾಣದಲ್ಲಿ ಕಾರ್ಡ್ ತೋರಿಸಿ, ಕೈಯಿಂದ ತಪಾಸಣೆ ಮಾಡಲು ಹೇಳಿ.

ಇದ್ದಕ್ಕಿದ್ದ ಹಾಗೆ ಮೈ ಹಿಡಿದುಕೊಂಡರೆ ಮೊದಲು ಉಪಕರಣದ ರಿಮೋಟಿನಲ್ಲಿ ಅದು ಆನ್ ಇದೆಯಾ, ಚಾರ್ಜ್ ಎಷ್ಟಿದೆ ಅಂತ ನೋಡಿ. ಆಫ್ ಆಗಿದ್ದರೆ ಆನ್ ಮಾಡಿ. ಬ್ಯಾಟರಿ ಸತ್ತಿದ್ದರೆ ಅದು ತುರ್ತು ಪರಿಸ್ಥಿತಿ. ನುಂಗಲು ಕಷ್ಟ, ಜ್ವರ, ಉಸಿರಾಟದ ತೊಂದರೆ ಇದ್ದರೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯುತ್ತಲೇ ನಿಮ್ಮ ತಂಡಕ್ಕೆ ಫೋನ್ ಮಾಡಿ.

ಇನ್ನೊಂದನ್ನು ಹೇಳಲು ಸ್ವಲ್ಪ ಹಿಂಜರಿಕೆ. ಸಾವಿನ ನಂತರ ಸುಡು­ವುದಾದರೆ ಮೊದಲು ಎದೆಯ ಬ್ಯಾಟರಿ ತೆಗೆಸಬೇಕು, ಬೆಂಕಿಯಲ್ಲಿ ಅದು ಸಿಡಿಯಬಹುದು. ಇದನ್ನು ನಾನು ಅಮ್ಮನ ಕಿವಿಗೆ ಬೀಳದ ಹಾಗೆ ಡಾಕ್ಟರ ಹತ್ತಿರ ಕೇಳುತ್ತಿದ್ದೆ. ಅಮ್ಮ ಹಿಂದಿನಿಂದ "ಜೋರಾಗಿ ಕೇಳೋ, ಪಿಸುಗುಟ್ಟಬೇಡ" ಅಂದರು.

ಕೊನೆಗೆ ಫ್ರಿಜ್ಜಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿ. ಉಪಕರಣದ ಕಂಪನಿ, ಮಾಡೆಲ್, ಆಪರೇಷನ್ ಆದ ತಾರೀಕು, ಈಗಿನ ಸೆಟ್ಟಿಂಗ್, ಮಾತ್ರೆಯ ಹೊತ್ತು, ಪ್ರೋಗ್ರಾಮಿಂಗ್ ಮಾಡುವವರ ನಂಬರು, 'ಡಯಾಥರ್ಮಿ ಕೂಡದು' ಅನ್ನುವ ಒಂದು ಸಾಲು. ಪ್ರತಿ ಸಲ ಬೆಂಗಳೂರಿಗೆ ಹೋಗಿ ಬಂದಾಗ ಸೆಟ್ಟಿಂಗಿನ ಸಾಲನ್ನು ತಿದ್ದಿ. ಪ್ಲಾಸ್ಟಿಕ್ ಕವರಿನೊಳಗೆ ಹಾಕಿಯೇ ಅಂಟಿಸಿ, ಮಳೆಗಾಲದಲ್ಲಿ ನಮ್ಮ ಗೋಡೆಗಳ ಮೇಲೆ ಬರೀ ಕಾಗದ ಒಂದು ವಾರವೂ ನಿಲ್ಲುವುದಿಲ್ಲ.